ಓಪನ್ ವರ್ಲ್ಡ್ ಆಟದಲ್ಲಿ ಎಲ್ಲಿ ಸುತ್ತಬೇಕು, ಯಾವಾಗ ಓಡಬೇಕು

ಹೊಸದಾಗಿ ಸ್ಕೈರಿಮ್ಮೋ ವಿಚರ್ 3ಓ, ಇಷ್ಟ ಬಂದ ಕಡೆ ಸುತ್ತಾಡಬಹುದಾದ ಇಂಥ ಓಪನ್ ವರ್ಲ್ಡ್ ಆಟ ಇನ್‌ಸ್ಟಾಲ್ ಮಾಡಿಕೊಂಡವರು ಮೊದಲು ಕೇಳುವುದು ಒಂದೇ ಪ್ರಶ್ನೆ. “ಡಿಫಿಕಲ್ಟಿ ಯಾವುದಕ್ಕೆ ಇಡಲಿ?” ಹಾಸನದ ಹಾಸ್ಟೆಲ್ ಹುಡುಗರಿಂದ ಹಿಡಿದು, ಮೂಡಿಗೆರೆಯಲ್ಲಿ ಹಗಲೆಲ್ಲ ತೋಟ ನೋಡಿಕೊಂಡು ರಾತ್ರಿ ಊಟ ಆದಮೇಲೆ ಆಡಲು ಕೂರುವ ನಮ್ಮ ಭಾವನವರೆಗೆ ಎಲ್ಲರದೂ ಇದೇ. ಎಲ್ಡನ್ ರಿಂಗ್‌ನಲ್ಲಂತೂ ಆ ಸೆಟ್ಟಿಂಗೇ ಇಲ್ಲ. ಇರುವ ಆಟಗಳಲ್ಲೂ ಅದು ಎರಡನೇ ಪ್ರಶ್ನೆ.

ಮೊದಲು ತಿಳಿದುಕೊಳ್ಳಬೇಕಾದದ್ದು ಬೇರೆ. ಈ ಆಟದಲ್ಲಿ ಶತ್ರು ಎಷ್ಟು ಗಟ್ಟಿ ಅನ್ನುವುದು ಜಾಗದ ಮೇಲೆ ಹೋಗುತ್ತದೋ, ನಿಮ್ಮ ಲೆವೆಲ್ ಮೇಲೆ ಹೋಗುತ್ತದೋ? ಇದೊಂದು ಗೊತ್ತಾದರೆ ಎಲ್ಲಿ ಸುತ್ತಬೇಕು, ಯಾವ ಗುಹೆಗೆ ಈಗಲೇ ನುಗ್ಗಬೇಕು, ಯಾವುದನ್ನು ಬಿಟ್ಟು ಮುಂದೆ ಹೋಗಬೇಕು ಅನ್ನುವುದು ಮುಕ್ಕಾಲು ಪಾಲು ಬಗೆಹರಿದ ಹಾಗೆ.

ಕೆಲವು ಆಟಗಳಲ್ಲಿ ಶತ್ರುಗಳು ಇದ್ದಲ್ಲೇ ಇರುತ್ತಾರೆ, ಇದ್ದ ಹಾಗೇ ಇರುತ್ತಾರೆ. 2001ರ ಗೋಥಿಕ್ ಹೀಗೆ. ಎಲ್ಡನ್ ರಿಂಗ್ ಹೀಗೆ. 2002ರ ಮೊರೊವಿಂಡ್ ಕೂಡ ಹೆಚ್ಚುಕಮ್ಮಿ ಇದೇ ಜಾತಿ. ನೀವು ಒಂದನೇ ಲೆವೆಲ್‌ನಲ್ಲಿ ಹೋದರೂ ನಲವತ್ತರಲ್ಲಿ ಹೋದರೂ ಆ ಕಾಡಿನಲ್ಲಿ ಅದೇ ಪ್ರಾಣಿ, ಅದಕ್ಕೆ ಅಷ್ಟೇ ಬಲ. ಇನ್ನು ಕೆಲವು ಆಟಗಳಲ್ಲಿ ನೀವು ಬೆಳೆದಂತೆ ಅವರೂ ಬೆಳೆಯುತ್ತಾರೆ. ಇದಕ್ಕೆ ಹೆಸರು ಕೆಡಿಸಿಕೊಂಡದ್ದು 2006ರ ಆಬ್ಲಿವಿಯನ್. ಅದರಲ್ಲಿ ನಿಮ್ಮ ಲೆವೆಲ್ ಮೇಲಕ್ಕೆ ಹೋದಂತೆಲ್ಲ ಸಾಮಾನ್ಯ ದಾರಿಗಳ್ಳನೂ ಬೆಲೆಬಾಳುವ ಗ್ಲಾಸ್ ಕವಚ ಹಾಕಿಕೊಂಡು ಎದುರಿಗೆ ಬರುತ್ತಾನೆ. ಆ ಕವಚ ಮಾರಿದರೆ ವರ್ಷಗಟ್ಟಲೆ ಕೂತು ತಿನ್ನಬಹುದು. ಆದರೂ ರಸ್ತೆ ಬದಿಯಲ್ಲಿ ನಿಂತು ನಿಮ್ಮ ಹತ್ತಿರ ಬರೀ ನೂರು ನಾಣ್ಯ ಕೇಳುತ್ತಾನೆ. ಹೀಗಾದಾಗ ಗುಹೆ ಹುಡುಕಿ ಹೋಗುವ ಆಸೆಯೇ ಬತ್ತಿ ಹೋಗುತ್ತದೆ, ಅಲ್ವಾ? ಒಳ್ಳೆಯ ಕತ್ತಿ ಸಿಕ್ಕಿತು ಅನ್ನುವಷ್ಟರಲ್ಲಿ ಎದುರಿನವನ ಕೈಯಲ್ಲೂ ಅದೇ ಕತ್ತಿ.

ಮೂರನೆಯದು ಬೆರಕೆ. ಸ್ಕೈರಿಮ್ ಇಲ್ಲಿ ಬರುತ್ತದೆ. ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ನಿಮ್ಮ ಆಟ ಯಾವ ಜಾತಿ ಅಂತ ತಿಳಿಯುವುದು ಕಷ್ಟವೇನಲ್ಲ. ಆರಂಭದ ಊರಿನ ಹತ್ತಿರವೇ ಒಂದೇ ಏಟಿಗೆ ನಿಮ್ಮನ್ನು ಮಲಗಿಸುವ ಶತ್ರು ಇದ್ದರೆ ಅದು ಜಾಗ ನೋಡಿ ಇಟ್ಟ ಆಟ. ನಾಲ್ಕೈದು ಲೆವೆಲ್ ಏರಿದ ಮೇಲೆ ಮೊದಲ ರಸ್ತೆಗೇ ವಾಪಸ್ ಹೋಗಿ ನೋಡಿ. ಅಲ್ಲಿನ ತೋಳ ಈಗ ಎರಡೇಟಿಗೆ ಸತ್ತರೆ ಸರಿ. ತೋಳದ ಜಾಗದಲ್ಲಿ ಕರಡಿ ಬಂದು ಕೂತಿದ್ದರೆ ಆಟ ನಿಮ್ಮನ್ನು ಅಳೆಯುತ್ತಿದೆ ಅಂತ ತಿಳಿಯಿರಿ.

ಶತ್ರು ಬದಲಾಗದ ಆಟದಲ್ಲಿ

ಇಲ್ಲಿ ಮೊದಲು ಕಲಿಯಬೇಕಾದ ವಿದ್ಯೆ ಓಡುವುದು. ತಮಾಷೆ ಅಲ್ಲ. ಎಲ್ಡನ್ ರಿಂಗ್‌ನಲ್ಲಿ ಮೊದಲ ಬಾಗಿಲು ತೆಗೆದು ಲಿಮ್‌ಗ್ರೇವ್‌ಗೆ ಕಾಲಿಟ್ಟ ಕೂಡಲೇ ಎದುರಿಗೆ ಚಿನ್ನದ ಕವಚದ ಸವಾರನೊಬ್ಬ ಕುದುರೆ ಮೇಲೆ ಗಸ್ತು ತಿರುಗುತ್ತಿರುತ್ತಾನೆ. ಅವನು ಟ್ರೀ ಸೆಂಟಿನೆಲ್. ಅವನನ್ನು ಅಲ್ಲಿ ನಿಲ್ಲಿಸಿರುವುದೇ ನಿಮಗೆ ಒಂದು ವಿಷಯ ಹೇಳಲಿಕ್ಕೆ: ಕಣ್ಣಿಗೆ ಬಿದ್ದವನ ಜೊತೆಗೆಲ್ಲ ಈಗಲೇ ಹೊಡೆದಾಡಬೇಕಾಗಿಲ್ಲ. ಸುತ್ತು ಹಾಕಿ ಚರ್ಚ್ ಕಡೆ ಹೋಗಿ. ಮುಂದೆ ಕುದುರೆ ಸಿಗುತ್ತದೆ, ಆಮೇಲೆ ಬಂದು ಲೆಕ್ಕ ಚುಕ್ತಾ ಮಾಡಿ. ಹಠ ಹಿಡಿದು ಅಲ್ಲೇ ಇಡೀ ರಾತ್ರಿ ಕಳೆಯುವವರೂ ಇದ್ದಾರೆ, ಅವರ ಸಂತೋಷ ಅವರಿಗೆ.

ಸಕಲೇಶಪುರ, ಆಲೂರು ಕಡೆ ತೋಟ ಇರುವವರಿಗೆ ಇದನ್ನು ಬೇರೆ ಥರ ಹೇಳಬೇಕಾಗಿಲ್ಲ. ಆನೆ ಯಾವ ಕಡೆ ಇಳಿದಿದೆ ಅಂತ ವಾಟ್ಸಾಪ್ ಗ್ರೂಪ್‌ನಲ್ಲಿ ನೋಡಿ, ಲದ್ದಿ ಹಸಿಯಾಗಿದೆಯೋ ಒಣಗಿದೆಯೋ ನೋಡಿ, ಬೈನೆ ಮರ ಮುರಿದಿದೆಯಾ ನೋಡಿ, ಆಮೇಲೆ ತಾನೇ ಆಳುಗಳನ್ನು ಕೆಲಸಕ್ಕೆ ಕಳಿಸುವುದು? ಆಟದಲ್ಲೂ ಅಷ್ಟೇ, ಗುರುತು ನೋಡಿ ಕಾಲಿಡಬೇಕು. ನೆಲದ ಬಣ್ಣ ಬದಲಾಯಿತಾ, ಹುಲ್ಲು ಹೋಗಿ ಕೆಂಪು ಮಣ್ಣು, ಕೊಳೆತ ಮರ ಶುರುವಾಯಿತಾ, ಚಿಕ್ಕ ಪ್ರಾಣಿಯೇ ಎರಡೇಟಿಗೆ ನಿಮ್ಮ ಅರ್ಧ ಹೆಲ್ತ್ ತಿಂದಿತಾ. ಹಾಗಿದ್ದರೆ ನೀವು ಬೇರೆಯವರ ಸೀಮೆಗೆ ಬಂದಿದ್ದೀರಿ. ಮ್ಯಾಪ್ ಮೇಲೆ ಒಂದು ಗುರುತು ಹಾಕಿ ವಾಪಸ್ ಬನ್ನಿ. ಈ ಗುರುತು ಹಾಕುವ ಅಭ್ಯಾಸ ಮುಖ್ಯ. ಇಲ್ಲದಿದ್ದರೆ ಹತ್ತು ಲೆವೆಲ್ ಏರಿದ ಮೇಲೆ “ಆ ಬಾಗಿಲು ಎಲ್ಲಿತ್ತು ಮಾರಾಯ” ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ಹಾಗಂತ ಅಪಾಯದ ಕಡೆ ಹೋಗಲೇಬೇಡಿ ಅಂತಲ್ಲ. ಬದಲಾಗದ ಆಟದ ನಿಜವಾದ ಮಜಾ ಇರುವುದೇ ಇಲ್ಲಿ. ಪೆಟ್ಟಿಗೆಯಲ್ಲಿರುವ ಸಾಮಾನೂ ನಿಮ್ಮ ಲೆವೆಲ್ ನೋಡಿ ಬದಲಾಗುವುದಿಲ್ಲವಲ್ಲ. ಹಾಗಾಗಿ ಹೊಡೆದಾಡದೆ, ಕದ್ದು ಮುಚ್ಚಿ, ಕುದುರೆ ಓಡಿಸಿಕೊಂಡು ಹೋಗಿ ಒಂದು ದೊಡ್ಡ ಆಯುಧ ಎತ್ತಿಕೊಂಡು ಬಂದರೆ ಮುಂದಿನ ಅಷ್ಟೂ ಆಟ ಹಗುರ. ಹೀಗೆ ಕಳ್ಳತನಕ್ಕೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಕೈಯಲ್ಲಿರುವ ರೂನ್‌ಗಳನ್ನೆಲ್ಲ, ಅಂದರೆ ಎಲ್ಡನ್ ರಿಂಗ್‌ನ ದುಡ್ಡನ್ನೆಲ್ಲ, ಲೆವೆಲ್‌ಗೋ ಸಾಮಾನಿಗೋ ಖರ್ಚು ಮಾಡಿ ಬರಿಗೈಲಿ ಹೋಗಿ. ಎಲ್ಡನ್ ರಿಂಗ್‌ನಲ್ಲಿ ಸತ್ತರೆ ರೂನ್‌ಗಳು ಸತ್ತ ಜಾಗದಲ್ಲೇ ಬಿದ್ದಿರುತ್ತವೆ. ಅವನ್ನು ಎತ್ತಿಕೊಳ್ಳುವ ಮೊದಲೇ ಮತ್ತೊಮ್ಮೆ ಸತ್ತರೆ ಹೋಯಿತು, ಶಾಶ್ವತವಾಗಿ. ಕಳೆದುಕೊಳ್ಳಲು ಏನೂ ಇಲ್ಲದವನಿಗೆ ಭಯವೂ ಇಲ್ಲ.

ಅದೇ ಲಿಮ್‌ಗ್ರೇವ್‌ನ ಕೆರೆ ಪಕ್ಕದ ಪಾಳು ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ ಇದೆ. ತೆರೆದರೆ ಹೊಗೆ ಬಂದು ನಿಮ್ಮನ್ನು ಎತ್ತಿ ಕೇಲಿಡ್ ಅನ್ನುವ ಸೀಮೆಯ ಗಣಿಯೊಳಗೆ ಹಾಕುತ್ತದೆ. ಹೊಸಬರಿಗೆ ಅಲ್ಲಿ ಒಂದೊಂದು ಹುಳವೂ ಯಮ. ಬಹಳ ಜನ ಇಲ್ಲೇ ಆಟಕ್ಕೆ ಬೈದು ಕಂಟ್ರೋಲರ್ ಕೆಳಗಿಡುತ್ತಾರೆ. ಹೊಡೆದಾಡಬೇಡಿ. ಬಗ್ಗಿಕೊಂಡು ನಿಧಾನಕ್ಕೆ ಬಾಗಿಲ ಕಡೆ ಸರಿದು, ಗಣಿಯಿಂದ ಹೊರಗೆ ಬಂದರೆ ಆಯಿತು. ಬಯಲಿಗೆ ಬಂದ ಮೇಲೆ ಹಳೆಯ ಜಾಗಕ್ಕೆ ಫಾಸ್ಟ್ ಟ್ರಾವೆಲ್ ಮಾಡಬಹುದು. ಕೇಲಿಡ್ ನೋಡಿದ ಹಾಗೂ ಆಯಿತು.

ಸುಮ್ನೆ ಅಲೆಯುವುದಕ್ಕೂ ಗೊತ್ತಿದ್ದು ಅಲೆಯುವುದಕ್ಕೂ ವ್ಯತ್ಯಾಸ ಇದೆ. ಎಲ್ಡನ್ ರಿಂಗ್‌ನ ಮ್ಯಾಪ್ ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲವನ್ನೂ ತೋರಿಸುತ್ತದೆ. ಇನ್ನೂ ತೆರೆಯದ ಮಬ್ಬು ಮ್ಯಾಪ್‌ನಲ್ಲೂ ಚಿಕ್ಕ ಕಲ್ಲುಕಂಬದ ಗುರುತು ಕಾಣುತ್ತದೆ, ಆ ಸೀಮೆಯ ಮ್ಯಾಪ್ ತುಂಡು ಅಲ್ಲಿದೆ. ಕೆಂಪಂಚಿನ ಕಪ್ಪು ತೂತಿನ ಹಾಗೆ ಕಾಣುವುದು ಗಣಿ. ಗಣಿ ಅಂದರೆ ಆಯುಧ ಬಲಪಡಿಸುವ ಸ್ಮಿಥಿಂಗ್ ಸ್ಟೋನ್. ಪಾಳುಬಿದ್ದ ಚರ್ಚ್ ಕಂಡರೆ ಪ್ರತಿಮೆಯ ಬುಡದಲ್ಲಿ ನೋಡಿ, ಹೆಚ್ಚಿನ ಕಡೆ ಸೇಕ್ರೆಡ್ ಟಿಯರ್ ಇರುತ್ತದೆ, ಅದರಿಂದ ಮದ್ದಿನ ಶಕ್ತಿ ಏರುತ್ತದೆ. ದಾರಿ ಬದಿ ಚಿನ್ನದ ಬಣ್ಣದಲ್ಲಿ ಹೊಳೆಯುವ ಪುಟ್ಟ ಸಸಿ ಕಂಡರೆ ಗೋಲ್ಡನ್ ಸೀಡ್, ಅದರಿಂದ ಮದ್ದಿನ ಬಾಟಲಿ ಜಾಸ್ತಿ ಆಗುತ್ತದೆ. ಬಾಸ್ ಸಾಯುತ್ತಿಲ್ಲ ಅಂತ ಒಂದೇ ಕಡೆ ತಲೆ ಚಚ್ಚಿಕೊಳ್ಳುವ ಬದಲು ಒಂದು ಸಂಜೆ ಇವನ್ನು ಹುಡುಕಿಕೊಂಡು ಬನ್ನಿ. ಮದ್ದು ನಾಲ್ಕು ಇದ್ದದ್ದು ಆರಾಗಿ, ಕತ್ತಿ ಎರಡು ಮೆಟ್ಟಿಲು ಏರಿ, ಹೆಲ್ತ್ ಹೆಚ್ಚಿಸುವ ವಿಗರ್‌ಗೆ ಹತ್ತು ಪಾಯಿಂಟ್ ಹಾಕಿದ ಮೇಲೆ ಅದೇ ಬಾಸ್ ಬೇರೆಯವನಂತೆ ಕಾಣುತ್ತಾನೆ. ವಿಗರ್ ವಿಷಯದಲ್ಲಿ ಜಿಪುಣತನ ಬೇಡ. ನಲವತ್ತರ ತನಕ ಹಾಕಿದ ಪಾಯಿಂಟ್‌ಗೆ ಒಳ್ಳೆ ಫಲ ಇದೆ, ಅರವತ್ತು ದಾಟಿದ ಮೇಲೆ ಹೆಚ್ಚೇನೂ ಗಿಟ್ಟುವುದಿಲ್ಲ.

2024ರ ಜೂನ್‌ನಲ್ಲಿ ಬಂದ ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ಭಾಗದಲ್ಲಿ ಈ ಸೂತ್ರವನ್ನು ಇನ್ನೂ ನೇರ ಮಾಡಿದ್ದಾರೆ. ಅಲ್ಲಿ ನಿಮ್ಮ ಹಳೆಯ ಲೆವೆಲ್ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಸ್ಕಾಡುಟ್ರೀ ಚೂರುಗಳು ಅಂತ ಊರೆಲ್ಲ ಚೆಲ್ಲಿರುತ್ತವೆ. ಅವನ್ನು ಆರಿಸಿ ತಂದರೆ ನಿಮ್ಮ ಏಟೂ ಏರುತ್ತದೆ, ತಡೆದುಕೊಳ್ಳುವ ಶಕ್ತಿಯೂ ಏರುತ್ತದೆ, 20 ಮೆಟ್ಟಿಲಿನ ತನಕ. ಚೂರು ಆರಿಸದೆ ಸೀದಾ ಬಾಸ್ ಹತ್ತಿರ ಹೋದವರು ಆಟ ತುಂಬಾ ಕಷ್ಟ ಅಂತ ಗೋಳಾಡಿದರು. ಸುತ್ತಾಡಿದವರಿಗೆ ಅಷ್ಟು ಅನ್ನಿಸಲಿಲ್ಲ.

ಸ್ಕೈರಿಮ್ ಥರದ ಬೆರಕೆ ಆಟದಲ್ಲಿ

2011ರ ಸ್ಕೈರಿಮ್‌ನಲ್ಲಿ ಪ್ರತಿ ಗುಹೆಗೂ ಇಷ್ಟರಿಂದ ಇಷ್ಟು ಲೆವೆಲ್ ಅಂತ ಒಂದು ಮಿತಿ ಇರುತ್ತದೆ. ನೀವು ಮೊದಲ ಸಲ ಒಳಗೆ ಕಾಲಿಟ್ಟಾಗ ನಿಮ್ಮ ಲೆವೆಲ್ ನೋಡಿ, ಆ ಮಿತಿಯೊಳಗೆ ಗುಹೆಯ ಲೆವೆಲ್ ಗಟ್ಟಿಯಾಗುತ್ತದೆ. ಆಮೇಲೆ ಅದು ನಿಮ್ಮ ಜೊತೆ ಏರುವುದಿಲ್ಲ. ಇದರಲ್ಲೊಂದು ಕಿಲಾಡಿ ಉಪಾಯ ಇದೆ. ದಾರಿಯಲ್ಲಿ ಗುಹೆ ಸಿಕ್ಕರೆ ಒಳಗೆ ಹೋಗಿ, ಇಣುಕಿ, ಹೊರಗೆ ಬನ್ನಿ. ಕಷ್ಟ ಅನ್ನಿಸಿದರೆ ಹತ್ತು ಲೆವೆಲ್ ಆದಮೇಲೆ ವಾಪಸ್ ಹೋಗಿ. ಆ ಶತ್ರುಗಳು ಅಲ್ಲೇ ನಿಂತಿರುತ್ತಾರೆ, ನೀವು ಮಾತ್ರ ಬೆಳೆದಿರುತ್ತೀರಿ.

ಇದರ ಇನ್ನೊಂದು ಮುಖವೂ ಇದೆ. ಕೆಲವು ಹೆಸರಾಂತ ಆಯುಧಗಳ ಬಲ ನೀವು ಎಷ್ಟನೇ ಲೆವೆಲ್‌ನಲ್ಲಿ ಪಡೆದಿರಿ ಅನ್ನುವುದರ ಮೇಲೆ ನಿಂತುಬಿಡುತ್ತದೆ. ಚಿಲ್‌ರೆಂಡ್ ಅನ್ನುವ ಹಿಮದ ಕತ್ತಿ ಇದೆಯಲ್ಲ, ಅದರ ಪೂರ್ಣ ರೂಪ ಸಿಗುವುದು 46ನೇ ಲೆವೆಲ್ ಮುಟ್ಟಿದವರಿಗೆ. ಹತ್ತರಲ್ಲೇ ಎತ್ತಿಕೊಂಡರೆ ಅದು ಹತ್ತರ ಕತ್ತಿಯಾಗಿಯೇ ಉಳಿಯುತ್ತದೆ. ಇದು ನನಗೆ ಹಿಡಿಸದ ಏರ್ಪಾಡು. ಬೇಗ ಹೋಗಿ ಹುಡುಕಿದವನಿಗೆ ಶಿಕ್ಷೆ ಕೊಟ್ಟ ಹಾಗಾಯಿತು. ಆದರೂ ಅದಕ್ಕೋಸ್ಕರ 46 ಆಗುವ ತನಕ ಕಾಯುತ್ತಾ ಕೂರಬೇಡಿ, ಅಷ್ಟರಲ್ಲಿ ಆಟವೇ ಬೇಜಾರಾಗಿರುತ್ತದೆ. ಆ ಒಂದು ಕತ್ತಿಯನ್ನೇ ಕೊನೆತನಕ ಹಿಡಿಯುವ ಆಸೆ ಇದ್ದವರು ಮಾತ್ರ ತಲೆಕೆಡಿಸಿಕೊಳ್ಳಿ.

ಎಲ್ಲರೂ ಮರೆಯುವ ಇನ್ನೊಂದು ವಿಷಯ. ಸ್ಕೈರಿಮ್‌ನಲ್ಲಿ ಕಮ್ಮಾರಿಕೆ, ಮದ್ದು ಅರೆಯುವುದು, ವ್ಯಾಪಾರದ ಮಾತು ಇವುಗಳಿಂದಲೂ ನಿಮ್ಮ ಲೆವೆಲ್ ಏರುತ್ತದೆ. ಊರಲ್ಲೇ ಕೂತು ನೂರಾರು ಕಬ್ಬಿಣದ ಚಾಕು ಬಡಿದು ಲೆವೆಲ್ ಏರಿಸಿಕೊಂಡು ಹೊರಗೆ ಬಂದರೆ ಶತ್ರುಗಳೂ ಏರಿರುತ್ತಾರೆ, ಆದರೆ ನಿಮಗೆ ಕತ್ತಿ ಬೀಸುವುದೇ ಸರಿಯಾಗಿ ಬರುತ್ತಿರುವುದಿಲ್ಲ. ಆಗ “ಡಿಫಿಕಲ್ಟಿ ಜಾಸ್ತಿ ಆಯ್ತು” ಅಂತ ದೂರು. ಕಸುಬು ಮತ್ತು ಹೊಡೆದಾಟ ಎರಡೂ ಜೊತೆಜೊತೆಗೆ ಸಾಗಲಿ.

ಬೆರಕೆ ಆಟ ಅಂದೆನಲ್ಲ, ಯಾಕೆ ಅಂತ ಹೈ ಹ್ರಾತ್‌ಗಾರ್ ಅನ್ನುವ ಬೆಟ್ಟದ ಮೇಲಿನ ಮಠಕ್ಕೆ ಹತ್ತುವ ಮೆಟ್ಟಿಲ ದಾರಿಯಲ್ಲಿ ಗೊತ್ತಾಗುತ್ತದೆ. ಕಥೆಯೇ ನಿಮ್ಮನ್ನು ಆರಂಭದಲ್ಲಿ ಅಲ್ಲಿಗೆ ಕಳಿಸುತ್ತದೆ. ಮೇಲಿನ ಹಿಮದಲ್ಲಿ ದಾರಿ ಕಿರಿದಾಗುತ್ತದೆ, ಎರಡೂ ಕಡೆ ಬಂಡೆ. ಅಲ್ಲೇ ಫ್ರಾಸ್ಟ್ ಟ್ರೋಲ್ ಒಂದು ಕಾಯುತ್ತಿರುತ್ತದೆ. ನಿಮ್ಮ ಲೆವೆಲ್ ಐದೋ ಆರೋ, ಅದರ ಲೆವೆಲ್ ಇಪ್ಪತ್ತರ ಮೇಲೆ. ಎರಡು ಸಲ ಕೈ ಬೀಸಿದರೆ ನೀವು ಮಲಗಿದಿರಿ. ಹೊಡೆದು ಓಡಿ, ಸುಧಾರಿಸಿಕೊಂಡು ಮತ್ತೆ ಬಂದು ಹೊಡೆಯೋಣ ಅಂದರೆ ಅದರ ಹೆಲ್ತ್ ತಾನೇ ತುಂಬಿಕೊಳ್ಳುತ್ತದೆ. ಹಾಗಾದರೆ ಏನು ಮಾಡುವುದು? ಬೆಂಕಿ. ಟ್ರೋಲ್‌ಗಳಿಗೆ ಬೆಂಕಿ ಆಗಿಬರುವುದಿಲ್ಲ. ನೀವು ಯಾವ ಪಾತ್ರ ಆರಿಸಿದ್ದರೂ ಫ್ಲೇಮ್ಸ್ ಮಂತ್ರ ಆಟದ ಆರಂಭದಿಂದಲೇ ನಿಮ್ಮ ಹತ್ತಿರ ಇರುತ್ತದೆ, ಕತ್ತಿ ಗುರಾಣಿ ಅಂತ ಹೋದವರು ಅದನ್ನು ತೆರೆದೇ ನೋಡಿರುವುದಿಲ್ಲ. ಒಂದು ಕೈಯಲ್ಲಿ ಬೆಂಕಿ ಹಿಡಿದು, ಹಿಂದಕ್ಕೆ ಸರಿಯುತ್ತಾ ಸುಡಿ. ಮಂತ್ರಕ್ಕೆ ಬೇಕಾದ ಶಕ್ತಿ, ಮ್ಯಾಜಿಕಾ, ಮುಗಿದರೆ ಮದ್ದು ಕುಡಿಯಿರಿ. ಜೊತೆಗೊಬ್ಬ ಸಹಚರ ಇದ್ದರೆ ಅವನು ಮುಂದೆ ನಿಂತು ಏಟು ತಿನ್ನಲಿ. ಅದೂ ಆಗದಿದ್ದರೆ ಪಕ್ಕದಿಂದ ನುಸುಳಿ ಮೇಲಕ್ಕೆ ಓಡಿ, ನಾಚಿಕೆಯೇನೂ ಇಲ್ಲ.

ಈಗ ಆ ಡಿಫಿಕಲ್ಟಿ ಪ್ರಶ್ನೆ. ಸ್ಕೈರಿಮ್‌ನಲ್ಲಿ ಅದನ್ನು ಮೇಲೇರಿಸಿದರೆ ಶತ್ರುವಿಗೆ ಬುದ್ಧಿ ಬರುವುದಿಲ್ಲ, ಲೆಕ್ಕ ಬದಲಾಗುತ್ತದೆ ಅಷ್ಟೇ. ಅಡೆಪ್ಟ್ ಅನ್ನುವ ಮಟ್ಟದಲ್ಲಿ ಇದ್ದದ್ದು ಇದ್ದ ಹಾಗೆ. ಎಕ್ಸ್‌ಪರ್ಟ್‌ನಲ್ಲಿ ನಿಮ್ಮ ಏಟು ಮುಕ್ಕಾಲು, ಅವರ ಏಟು ಒಂದೂವರೆ ಪಟ್ಟು. ಮಾಸ್ಟರ್‌ನಲ್ಲಿ ನಿಮ್ಮದು ಅರ್ಧ, ಅವರದು ಎರಡು ಪಟ್ಟು. 2013ರಲ್ಲಿ ಸೇರಿಸಿದ ಲೆಜೆಂಡರಿಯಲ್ಲಿ ನಿಮ್ಮದು ಕಾಲು ಭಾಗ, ಅವರದು ಮೂರು ಪಟ್ಟು. ಅಂದರೆ ಅಡೆಪ್ಟ್‌ನಲ್ಲಿ ಐದು ಏಟಿಗೆ ಬೀಳುವವನಿಗೆ ಇಪ್ಪತ್ತು ಏಟು ಹಾಕಬೇಕು. ಅದು ಕಷ್ಟ ಅಲ್ಲ, ಕೂಲಿ ಕೆಲಸ. ನನ್ನ ಮಾತು ಕೇಳುವುದಾದರೆ ಅಡೆಪ್ಟ್‌ನಲ್ಲಿ ಶುರು ಮಾಡಿ, ಏಟು ತಿನ್ನದೆಯೇ ಗುಹೆ ಮುಗಿಯುತ್ತಿದೆ ಅನ್ನಿಸಿದಾಗ ಎಕ್ಸ್‌ಪರ್ಟ್‌ಗೆ ಏರಿಸಿ, ಅಲ್ಲೇ ನಿಲ್ಲಿಸಿ. ಒಂದು ಕಡೆ ಸಿಕ್ಕಿಹಾಕಿಕೊಂಡರೆ ಇಳಿಸಿ, ದಾಟಿದ ಮೇಲೆ ಮತ್ತೆ ಏರಿಸಿ. ಯಾರೂ ಬಂದು ಲೆಕ್ಕ ಕೇಳುವುದಿಲ್ಲ.

ವಿಚರ್ 3ರಲ್ಲಿ ಮಾತ್ರ ಮೇಲಿನ ಎರಡು ಮಟ್ಟಗಳಿಗೆ ನಿಜಕ್ಕೂ ಅರ್ಥ ಇದೆ. ಅವುಗಳಲ್ಲಿ ಧ್ಯಾನಕ್ಕೆ ಕೂತರೆ ಹೆಲ್ತ್ ತುಂಬುವುದಿಲ್ಲ. ಹಾಗಾಗಿ ಊಟ, ಮದ್ದು, ಕತ್ತಿಗೆ ಸವರುವ ಎಣ್ಣೆ ಎಲ್ಲದಕ್ಕೂ ಬೆಲೆ ಬರುತ್ತದೆ. ಪ್ರಾಣಿ ಎದುರಾದರೆ ಮೊದಲು ಬೆಸ್ಟಿಯರಿ ತೆರೆದು ಅದಕ್ಕೆ ಯಾವ ಎಣ್ಣೆ, ಯಾವ ಮಂತ್ರ ಅಂತ ಓದಿ. ಕೊಲ್ಲುವುದಕ್ಕಿಂತ ಓದುವುದರಲ್ಲಿ ಅರ್ಧ ಗೆಲುವು ಇದೆ. ತಲೆ ಮೇಲೆ ಬುರುಡೆ ಗುರುತು ಇದ್ದವನ ತಂಟೆಗೆ ಹೋಗಬೇಡಿ. ಶತ್ರುಗಳನ್ನು ನಿಮ್ಮ ಲೆವೆಲ್‌ಗೆ ಏರಿಸುವ ಆಯ್ಕೆಯೊಂದು ಸೆಟ್ಟಿಂಗ್ಸ್‌ನಲ್ಲಿ ಇದೆ, ಮೊದಲ ಸಲ ಆಡುವವರು ಅದನ್ನು ಆಫ್ ಇಟ್ಟುಕೊಳ್ಳಿ.

ಏನು ಹುಡುಕಬೇಕು, ಏನು ಬಿಡಬೇಕು

ಮ್ಯಾಪ್ ಮೇಲಿರುವ ಎಲ್ಲ ಗುರುತನ್ನೂ ಅಳಿಸಲೇಬೇಕು ಅನ್ನುವುದು ಒಂದು ಕಾಯಿಲೆ. ವಿಚರ್ 3ರ ಸ್ಕೆಲಿಗೆ ಸಮುದ್ರ ನೋಡಿ, ಪ್ರಶ್ನೆ ಚಿಹ್ನೆಗಳ ಜಾತ್ರೆ. ಹೆಚ್ಚಿನವು ನೀರಲ್ಲಿ ತೇಲುವ ಕಳ್ಳಸಾಗಣೆ ಸರಕು. ದೋಣಿ ನಿಲ್ಲಿಸಿ, ಸೈರನ್‌ಗಳನ್ನು ಕೆಡವಿ, ನೀರಿಗೆ ಹಾರಿ, ಪೆಟ್ಟಿಗೆ ತೆರೆದರೆ ಮಾರಲಿಕ್ಕೆ ಒಂದಿಷ್ಟು ಸಾಮಾನು. ಎರಡು ಮಾಡಿ ನೋಡಿ, ಮೂರನೆಯದಕ್ಕೆ ಹೋಗಬೇಡಿ. ಅದರ ಬದಲು ಊರಿನ ನೋಟಿಸ್ ಬೋರ್ಡ್ ಓದಿ ಪ್ರಾಣಿ ಬೇಟೆಯ ಕಾಂಟ್ರಾಕ್ಟ್ ಹಿಡಿಯಿರಿ. ಗ್ರಿಫಿನ್, ಕ್ಯಾಟ್ ಥರದ ವಿಚರ್ ಶಾಲೆಗಳ ಕವಚದ ನಕ್ಷೆ ಹುಡುಕುವ ಕೆಲಸಗಳನ್ನು ಮಾಡಿ. ಆ ನಕ್ಷೆಗಳು ಇರುವ ಜಾಗಗಳೂ ಚೆಂದ, ಸಿಗುವ ಕವಚವೂ ಬಹಳ ದಿನ ಬಾಳುತ್ತದೆ.

2017ರ ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ ಇನ್ನೂ ತಮಾಷೆ. ಅಲ್ಲಿ ಶ್ರೈನ್ ಅನ್ನುವ 120 ಪುಟ್ಟ ಗುಡಿಗಳಿವೆ, ಅವು ಬೇಕೇ ಬೇಕು. ನಾಲ್ಕು ಮುಗಿಸಿದರೆ ಒಂದು ಹೃದಯವೋ ಒಂದಿಷ್ಟು ಸ್ಟ್ಯಾಮಿನಾವೋ ಸಿಗುತ್ತದೆ. ಕೊರೊಕ್ ಬೀಜಗಳು 900. ಆಯುಧ ಇಟ್ಟುಕೊಳ್ಳುವ ಜಾಗ ಪೂರ್ತಿ ಬೆಳೆಸಿಕೊಳ್ಳಲು 441 ಸಾಕು. ಪೂರ್ತಿ 900 ಹುಡುಕಿದವರಿಗೆ ಬಹುಮಾನವಾಗಿ ಏನು ಕೊಡುತ್ತಾರೆ ಗೊತ್ತಾ? ಚಿನ್ನದ ಬಣ್ಣದ ಹೇಲು. ನಿಜವಾಗಲೂ. ಮಾಡಿದವರೇ “ಸಾಕು, ಮನೆಗೆ ಹೋಗಿ” ಅಂತ ಹೇಳಿದ ಹಾಗಿದೆ.

ಹಾಗಾದರೆ ಯಾವುದು ಹುಡುಕಲು ಯೋಗ್ಯ? ನಾನು ನೋಡುವುದು ಒಂದನ್ನು. ಕಾರಣವಿಲ್ಲದೆ ಒಬ್ಬ ಗಟ್ಟಿ ಶತ್ರು ಒಂದು ಮೂಲೆಯಲ್ಲಿ ನಿಂತಿದ್ದರೆ ಅವನ ಬೆನ್ನ ಹಿಂದೆ ಏನೋ ಇದೆ. ಮ್ಯಾಪ್‌ನಲ್ಲಿ ಗುರುತಿಲ್ಲದ ದಾರಿ, ಕಾವಲಿರುವ ಸೇತುವೆ, ಏಣಿ ಇದ್ದೂ ಕ್ವೆಸ್ಟ್ ಇಲ್ಲದ ಗೋಪುರ, ಇವೆಲ್ಲ ಯಾರೋ ಕೂತು ಯೋಚಿಸಿ ಇಟ್ಟದ್ದು. ಮೊದಲು ಎತ್ತರದ ಜಾಗಕ್ಕೆ ಹತ್ತಿ, ಸುತ್ತ ನೋಡಿ, ಒಂದು ಕಡೆ ಆರಿಸಿಕೊಂಡು ನಡೆಯಿರಿ. ಮೂಲೆಯ ಮಿನಿಮ್ಯಾಪ್ ಮುಚ್ಚಿದರೆ ಇನ್ನೂ ಒಳ್ಳೆಯದು. ವಿಚರ್ 3ಕ್ಕೆ 2022ರ ಡಿಸೆಂಬರ್‌ನಲ್ಲಿ ಬಂದ ಅಪ್‌ಡೇಟ್‌ನಲ್ಲಿ ಅದು ತಾನಾಗಿ ಮರೆಯಾಗುವ ಆಯ್ಕೆ ಕೊಟ್ಟಿದ್ದಾರೆ. ಹೊರಡುವಾಗ ಚೀಲ ಖಾಲಿ ಇರಲಿ. ಭಾರ ಜಾಸ್ತಿಯಾಗಿ ಗುಹೆಯ ಕೊನೆಯಲ್ಲಿ ಆಮೆ ಹೆಜ್ಜೆ ಹಾಕುತ್ತಾ, ಯಾವ ಹಳೇ ಚಪ್ಪಲಿ ಎಸೆಯಲಿ ಅಂತ ಲೆಕ್ಕ ಹಾಕುವಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ. ಮದ್ದು ಅರ್ಧ ಖರ್ಚಾದ ಕೂಡಲೇ ವಾಪಸ್ ತಿರುಗುವ ಯೋಚನೆ ಮಾಡಿ.

2024ರ ಡ್ರ್ಯಾಗನ್ಸ್ ಡಾಗ್ಮಾ 2ರಲ್ಲಿ ಇದು ಕಡ್ಡಾಯ. ಪ್ರತಿ ಏಟಿಗೂ ನಿಮ್ಮ ಒಟ್ಟು ಹೆಲ್ತ್ ಮಿತಿಯೇ ಸ್ವಲ್ಪ ಸವೆಯುತ್ತದೆ, ಸಾಮಾನ್ಯ ಮದ್ದು ಕುಡಿದರೂ ಅದು ತುಂಬುವುದಿಲ್ಲ. ಛತ್ರದಲ್ಲೋ ಬಿಡಾರ ಹೂಡಿಯೋ ಮಲಗಿದರೆ ಸರಿಯಾಗುತ್ತದೆ. ಕತ್ತಲಾದರೆ ಕಾಣುವುದೂ ಕಷ್ಟ, ಸತ್ತವರೂ ಎದ್ದು ಬರುತ್ತಾರೆ. ಬಿಡಾರದ ಗಂಟು ಇಲ್ಲದೆ ದೂರ ಹೋಗಬೇಡಿ.

ನಮ್ಮ ಕಡೆಯವರಿಗೆ ಒಂದೆರಡು ಮಾತು

ತೋಟದ ಮನೆಯಲ್ಲಿ ನೆಟ್ ಸರಿ ಇಲ್ಲದವರು ಹಾಸನಕ್ಕೋ ಚಿಕ್ಕಮಗಳೂರಿಗೋ ಬಂದಾಗ ಡೌನ್‌ಲೋಡ್ ಮುಗಿಸಿಕೊಂಡು ಹೋಗಿ. ಎಲ್ಡನ್ ರಿಂಗ್‌ಗೆ 60 ಜಿಬಿ ಜಾಗ ಬೇಕು, ವಿಚರ್ 3ಕ್ಕೆ 50. ಸ್ಕೈರಿಮ್ ಸ್ಪೆಷಲ್ ಎಡಿಷನ್ 12ರಲ್ಲೇ ಮುಗಿಯುತ್ತದೆ, ಹಳೇ ಲ್ಯಾಪ್‌ಟಾಪ್‌ನಲ್ಲೂ ಪರವಾಗಿಲ್ಲ ಅನ್ನುವ ಹಾಗೆ ಓಡುತ್ತದೆ. ಎಲ್ಡನ್ ರಿಂಗ್ ಅನ್ನು ಆಫ್‌ಲೈನ್‌ನಲ್ಲೇ ಆಡಬಹುದು, ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಹಾಗೆ ಇಟ್ಟುಕೊಳ್ಳಿ. ಬೇರೆ ಆಟಗಾರರು ನೆಲದ ಮೇಲೆ ಬರೆದು ಹೋಗುವ “ಮುಂದೆ ಗುಪ್ತ ದಾರಿ ಇದೆ” ಅನ್ನುವ ಸಂದೇಶಗಳು ಆಗ ಕಾಣುವುದಿಲ್ಲ. ನಷ್ಟವೇನಿಲ್ಲ. ಅರ್ಧ ಜನ ಅಲ್ಲಿ ಸುಳ್ಳೇ ಬರೆದಿರುತ್ತಾರೆ, ಅದನ್ನು ನಂಬಿ ಗೋಡೆಗೆಲ್ಲ ಕತ್ತಿ ಬೀಸಿದ್ದೇ ಬಂತು.

ಮಳೆಗಾಲದಲ್ಲಿ ಕರೆಂಟಿನದೇ ಚಿಂತೆ. ಜೂನ್‌ನಿಂದ ಆಚೆಗೆ ಮಲೆನಾಡು ಕಡೆ ಯಾವಾಗ ಮರ ಬಿದ್ದು ಲೈನ್ ಹೋಗುತ್ತದೋ ಹೇಳಲಾಗದು. ಡೆಸ್ಕ್‌ಟಾಪ್‌ನಲ್ಲಿ ಆಡುವವರು ಸಣ್ಣದೊಂದು ಯುಪಿಎಸ್ ಇಟ್ಟುಕೊಳ್ಳಿ. ಸ್ಕೈರಿಮ್‌ನಲ್ಲಿ ಪ್ರತಿ ಗುಹೆ ಬಾಗಿಲಲ್ಲೂ ಕೈಯಾರೆ ಹೊಸ ಸೇವ್ ಮಾಡಿ, ಆಟೋಸೇವ್ ಒಂದನ್ನೇ ನಂಬಬೇಡಿ. ಎಲ್ಡನ್ ರಿಂಗ್ ತಾನೇ ಸೇವ್ ಮಾಡಿಕೊಳ್ಳುತ್ತಿರುತ್ತದೆ, ಎಲ್ಲವೂ ಒಂದೇ ಫೈಲ್‌ನಲ್ಲಿ. ಸೇವ್ ಆಗುವ ಹೊತ್ತಿಗೇ ಕರೆಂಟ್ ಹೋಗಿ ಆ ಫೈಲ್ ಕೆಟ್ಟರೆ ನಿಮ್ಮ ಪಾತ್ರವೇ ಹೋದ ಹಾಗೆ. ವಿಂಡೋಸ್‌ನಲ್ಲಿ ಅದು ಇರುವುದು ಆ್ಯಪ್‌ಡೇಟಾ ಒಳಗಿನ ರೋಮಿಂಗ್ ಫೋಲ್ಡರ್‌ನಲ್ಲಿ, ಎಲ್ಡನ್‌ರಿಂಗ್ ಅನ್ನುವ ಹೆಸರಿನಲ್ಲಿ. ವಾರಕ್ಕೊಮ್ಮೆ ಆಟ ಮುಚ್ಚಿದ ಮೇಲೆ ಆ ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ಹಳೇ ಕಾಪಿ ಅಳಿಸಬೇಡಿ, ಪಕ್ಕದಲ್ಲಿ ತಾರೀಕು ಹಾಕಿ ಹೊಸದನ್ನು ಇಡಿ.